ದಿಲ್ಲಿಯೂ ಬುತ್ತಿ ದಾರಿಯೇ

ಕೊಬ್ಬರಿ ಹೋಯಿತು, ಬುತ್ತಿ ಮುಟ್ಟಿತು. ನಡೆದದ್ದು ಇಷ್ಟೇ.

ಸಿರಿಗೇರಿಯಲ್ಲಿ ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ. ಮುದುಕಿ ವಿಮಾನ ನಿಲ್ಲಿಸಿದಳಂತೆ, ಪೊಲೀಸರು ಹಿಡಿದುಕೊಂಡರಂತೆ, ದಿಲ್ಲಿ ಮುಟ್ಟುವಷ್ಟರಲ್ಲಿ ಅನ್ನ ಹಳಸಿ ನಾಯಿಗೆ ಹಾಕಿದಳಂತೆ. ಯಾವುದೂ ನಿಜವಲ್ಲ. ವಿಮಾನ ಯಾರಿಗೂ ನಿಲ್ಲುವುದಿಲ್ಲ. ಕೈ ಬೀಸಿದರೆ ನಿಲ್ಲುವುದಕ್ಕೆ ಅದೇನು ನಮ್ಮೂರ ಬಸ್ಸೇ?

ನಾನು ಓದಿದ್ದು ಎರಡನೇ ಕ್ಲಾಸು. ಕಿಲೋಮೀಟರ್ ಕಲ್ಲು ಓದಲು ಬರುತ್ತದೆ, ಆದರೆ ಆ ಲೆಕ್ಕ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮವ್ವ ಕಲಿಸಿದ ಲೆಕ್ಕ ಬೇರೆ. ಸಿರುಗುಪ್ಪ ಬಿಸಿರೊಟ್ಟಿ ದಾರಿ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಆರುವುದರೊಳಗೆ ಊರು ಬರುತ್ತದೆ. ಬಳ್ಳಾರಿ ಮೆತ್ತನೆ ರೊಟ್ಟಿ ದಾರಿ. ಅದಕ್ಕಿಂತ ಆಚೆಗಿನದು ಬುತ್ತಿ ದಾರಿ. ಅಂದರೆ ಬೆಳಿಗ್ಗೆ ಕಟ್ಟಿದ ಮೊಸರುಬುತ್ತಿ ಹುಳಿಯಾಗದೆ ಸಂಜೆಗೆ ಮುಟ್ಟುವ ದೂರ. ಅದರಾಚೆ ಏನಿದ್ದರೂ ಒಣರೊಟ್ಟಿ ದಾರಿ, ದೇವರ ದಾರಿ. ಬುತ್ತಿ ದಾರಿ ದಾಟಿ ಹೆಣ್ಣು ಕೊಡಬಾರದು ಅಂತ ನಮ್ಮವ್ವನ ಕಟ್ಟಪ್ಪಣೆ. ಮಗಳು ಬಸುರಾದರೆ ತವರಿನವರು ಬುತ್ತಿ ಒಯ್ಯಬೇಕಲ್ಲ, ಹಳಸಿದ ಅನ್ನ ಒಯ್ಯಲಾಗುತ್ತದೆಯೇ, ಅದಕ್ಕೆ.

ನಾನು ಮೊಮ್ಮಗಳನ್ನು ಬುತ್ತಿ ದಾರಿಯೊಳಗೇ ಕೊಟ್ಟಿದ್ದೆ. ಸಿರುಗುಪ್ಪದ ಹುಡುಗ, ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಬಟ್ಟೆ ಕತ್ತರಿಸುವ ಕೆಲಸ. ಕೈ ಚಲೋ ಇದೆ ಅಂತ ಒಬ್ಬ ಸೇಟು ಅವನನ್ನು ದಿಲ್ಲಿಗೆ ಕರೆದುಕೊಂಡು ಹೋದ. ಹಿಂದೆ ಇವಳೂ ಹೋದಳು. ಊರು ಅಲ್ಲೇ ಇತ್ತು, ದಾರಿ ಉದ್ದವಾಯಿತು.

ಅವಳ ತಾಯಿ, ಅಂದರೆ ನನ್ನ ಮಗಳು, ಈಗ ಇಲ್ಲ. ಹಾಗಾಗಿ ತವರು ಅಂದರೆ ನಾನು. ಹೋದ ವರ್ಷ ಒಂದು ಬಸುರು ನಿಲ್ಲಲಿಲ್ಲ. ಆಗ ಬಸುರಿಗೆ ಮಾಡುವ ಕುಬಸ ಆಗಿರಲಿಲ್ಲ, ಉಡಿ ತುಂಬಿರಲಿಲ್ಲ. ಅದಕ್ಕೇ ಹೋಯಿತು ಅಂತ ಅವಳ ತಲೆಯಲ್ಲಿ ಕೂತಿತು. ಉಡಿಗೆ ಅಕ್ಕಿ ಬೀಳದಿದ್ದರೆ ಕೂಸು ನಿಲ್ಲುವುದಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಗದ್ದೆಯಲ್ಲಿ ನಾಟಿ ಹಚ್ಚುತ್ತಾ ನೋವು ಬಂದು, ಬದುವಿನ ಮೇಲೇ ಹೆತ್ತವರನ್ನು ನೋಡಿದ್ದೇನೆ. ಅವರ ಉಡಿಯಲ್ಲಿ ಕೆಸರಿತ್ತು. ಆದರೆ ನಾನು ನಂಬದಿದ್ದರೆ ಏನಾಯಿತು, ಹೊಟ್ಟೆ ಅವಳದು. ಅವಳು ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಅವಳ ಗಂಡ ಫೋನಿನಲ್ಲಿ ಹೇಳಿದ.

ಏಳನೇ ತಿಂಗಳಿಗೆ ಊರಿಗೆ ಬರುತ್ತೇನೆ ಅಂದಿದ್ದಳು. ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಡಾಕ್ಟರಮ್ಮ, ಓಡಾಟ ಬೇಡ, ಮಲಗಿರು ಅಂದಳು. ಮಣ್ಣೆತ್ತಿನ ಅಮಾವಾಸ್ಯೆಗೆ ನಾಲ್ಕೇ ದಿನ ಇತ್ತು. ಅದು ಬಂತೆಂದರೆ ಒಳ್ಳೆಯ ಕೆಲಸ ಮಾಡದ ಆಷಾಢ, ಆಷಾಢ ಕಳೆದರೆ ಎಂಟನೇ ತಿಂಗಳು, ಆಗ ಕುಬಸ ಮಾಡುವುದಿಲ್ಲ. ಹುಡುಗಿ ಫೋನಿನಲ್ಲಿ ಅತ್ತಳು. ನನಗೆ ಅಳುವವರ ಜೊತೆ ಮಾತಾಡಲು ಬರುವುದಿಲ್ಲ.

“ಅಳಬ್ಯಾಡ. ನೀ ಬರಾಕಾಗದಿದ್ರ ನಾ ಬರ್ತೀನಿ. ಅಮಾಸಿ ಹಿಂದಿನ ದಿನ ದೀಪ ಹಚ್ಚೋದರೊಳಗ ಉಡಿ ತುಂಬ್ತೀನಿ. ವಿಮಾನ ಯಾಕ ಮಾಡ್ಯಾರ?” ಅಂದೆ.

ಬಾಯಿಂದ ಬಂದ ಮೇಲೆ ನನಗೇ ಮೈ ಜುಮ್ ಅಂದಿತು. ವಿಮಾನ! ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವಾಗ ಸದ್ದು ಬಂದರೆ ಸೊಂಟಕ್ಕೆ ಕೈ ಕೊಟ್ಟು ತಲೆ ಎತ್ತಿ ನೋಡುತ್ತಿದ್ದೆವು, ಅದೊಂದು ನೆಪದಲ್ಲಿ ಬೆನ್ನಿಗೆ ಪುರುಸೊತ್ತು. ಅದರೊಳಗೆ ಕೂರುವುದು ಅಂದರೆ!

ಅವಳ ಅತ್ತೆ, ಅಂದರೆ ನನ್ನ ಬೀಗತಿ, ಜೊತೆಗೆ ಬರುವ ಮಾತಿರಲಿಲ್ಲ. ಅವಳು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋದರೂ ದಾರಿ ಉದ್ದಕ್ಕೂ ವಾಂತಿ ಮಾಡುವವಳು. ಒಬ್ಬಳೇ ಹೋಗುವುದು ಅಂತಾಯಿತು.

ಈಗ ಬುತ್ತಿಯ ವಿಷಯ. ದಾರಿಗೆ ಕಟ್ಟುವ ಬುತ್ತಿಗೆ ಮೊಸರು ಕಲಸಬಾರದು, ನಮ್ಮ ಬಿಸಿಲಿಗೆ ಮಧ್ಯಾಹ್ನವೇ ಹುಳಿ ಬರುತ್ತದೆ. ಮೆತ್ತಗೆ ಬೆಂದ ಅನ್ನಕ್ಕೆ ಕಾಸಿ ಆರಿಸಿದ ಹಾಲು ಹಾಕಿ, ಒಂದಿಷ್ಟು ಮೊಸರು ಹೆಪ್ಪು ಬಿಡಬೇಕು. ದಾರಿಯಲ್ಲಿ ಅದು ತಾನೇ ಮೊಸರಾಗುತ್ತದೆ. ಹತ್ತಿರದ ದಾರಿಗೆ ಹೆಪ್ಪು ಜಾಸ್ತಿ, ದೂರದ ದಾರಿಗೆ ಕಡಿಮೆ. ಎಷ್ಟೊತ್ತಿನ ದಾರಿ ಅಂತ ಗೊತ್ತಿಲ್ಲದೆ ಬುತ್ತಿ ಕಟ್ಟಲು ಆಗುವುದಿಲ್ಲ. ಮೊಮ್ಮಗಳ ಗಂಡನಿಗೆ ಫೋನು ಹಚ್ಚಿದೆ.

“ವಿಮಾನದಾಗ ಎರಡೂ ಮುಕ್ಕಾಲು ತಾಸು ಅಜ್ಜಿ. ಕುಂತು ಎದ್ದಂಗ,” ಅಂದ.

“ಎಲ್ಲಿಂದ ಎಲ್ಲಿಗಿ?”

“ಬೆಂಗಳೂರಿಂದ ದಿಲ್ಲಿಗಿ.”

“ನನ್ನ ಒಲಿ ಬೆಂಗಳೂರಾಗ ಇಲ್ಲೋ ಯಪ್ಪಾ. ನನ್ನ ಒಲಿಯಿಂದ ಆಕಿ ಬಾಯಿಗಿ ಎಷ್ಟೊತ್ತು, ಅದನ್ನ ಹೇಳು.”

ಅವನು ನಕ್ಕ. ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದ ನನ್ನ ಮಗ ತನ್ನ ಫೋನಿಗೆ ಕೇಳಿದ. ಅದು ವಿಮಾನದ ದಾರಿ ಹದಿನೇಳು ನೂರು ಕಿಲೋಮೀಟರ್ ಚಿಲ್ಲರೆ ಅಂದಿತು, ನೆಲದ ದಾರಿ ಅದಕ್ಕಿಂತ ಎಷ್ಟೋ ಹೆಚ್ಚು ಅಂದಿತು. ಹಕ್ಕಿ ದಾರಿ ಬೇರೆ, ಮಂದಿ ದಾರಿ ಬೇರೆ. ಊರಿಂದ ಊರಿಗೆ ಎಷ್ಟು ಅಂತ ಫೋನಿಗೆ ಗೊತ್ತು, ಒಲೆಯಿಂದ ಬಾಯಿಗೆ ಎಷ್ಟು ಅಂತ ಗೊತ್ತಿಲ್ಲ.

ಹೊರಡುವ ಹಿಂದಿನ ದಿನ ಕುರುಗೋಡಿಗೆ ಹೋದೆ. ಅಲ್ಲಿ ನನ್ನ ತಂಗಿ ಇದ್ದಾಳೆ. ಉಡಿ ತುಂಬಲು ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಅಡಕೆ, ಕೊಬ್ಬರಿ ಬಟ್ಟಲು ಬೇಕು. ಕೊಬ್ಬರಿ ಆರಿಸುವುದರಲ್ಲಿ ಅವಳನ್ನು ಬಿಟ್ಟರೆ ಇಲ್ಲ. ಉಗುರಿನಿಂದ ಗೀರಿ, ಎಣ್ಣೆ ಜಿನುಗಿದರೆ ಮಾತ್ರ ತೆಗೆದುಕೊಳ್ಳುವವಳು. ಎರಡು ಬಟ್ಟಲು ತಂದು ಅರಿಶಿಣ ಹಚ್ಚಿ ಇಟ್ಟಿದ್ದಳು.

“ನೋಡಕ್ಕ, ಎಂಥಾ ಎಣ್ಣಿ ಕೊಬ್ಬರಿ! ದಿಲ್ಲಿ ಮಂದಿ ಕಂಡಿರಾಕಿಲ್ಲ,” ಅಂದಳು. ಆಮೇಲೆ, “ಬುತ್ತಿನೂ ಒಯ್ತೀಯಂತಲ್ಲ. ಈ ವಯಸ್ಸಿನಾಗ ನಿನಗ ಹುಚ್ಚು ಹಿಡಿದೈತೇನು? ದಿಲ್ಲಿ ಯಾರ ಬುತ್ತಿ ದಾರಿ?”

“ನಂದು.”

“ಹಳಸ್ತೈತಿ.”

“ಹಳಸಿದ್ರ ನಿನಗ ಕಳಸ್ತೀನಿ, ಉಣ್ಣು.”

ಅಮಾವಾಸ್ಯೆಯ ಹಿಂದಿನ ದಿನ, ಕೋಳಿ ಕೂಗುವಾಗ ಎದ್ದು ಅನ್ನಕ್ಕಿಟ್ಟೆ. ಹೆಪ್ಪು ಹಾಕುವಾಗ ಕೈ ತಡೆಯಿತು. ಎರಡೂ ಮುಕ್ಕಾಲು ತಾಸಿಗಾದರೆ ಒಂದು ಸೌಟು. ಸಂಜೆ ದೀಪ ಹಚ್ಚುವ ಹೊತ್ತಿಗಾದರೆ ಅರ್ಧ ಚಮಚ. ಆ ದಾರಿಯಲ್ಲಿ ಏನೇನಿದೆಯೋ ಯಾರಿಗೆ ಗೊತ್ತು? ಬೆರಳ ತುದಿಯನ್ನು ಮೊಸರಿನಲ್ಲಿ ಅದ್ದಿ ಹಾಲನ್ನದಲ್ಲಿ ಆಡಿಸಿದೆ, ಅಷ್ಟೇ. ಸ್ಟೀಲು ಡಬ್ಬಿಯ ಬಾಯಿ ಬಿಗಿದು ಒದ್ದೆ ಬಟ್ಟೆ ಸುತ್ತಿದೆ.

ಮಗ ಗೆಳೆಯನ ಕಾರು ತಂದಿದ್ದ. ಬಳ್ಳಾರಿಗೆ ಬರುವಷ್ಟರಲ್ಲಿ ಬೆಳಕಾಯಿತು. ಕಂಟೋನ್ಮೆಂಟಿನ ಹತ್ತಿರ ಚಹಾ ಕುಡಿದು, ಅನಂತಪುರದ ಹೆದ್ದಾರಿ ಹಿಡಿದೆವು. ದಾರಿಯಲ್ಲಿ ನೀರು ಕಂಡಲ್ಲೆಲ್ಲ ಕಾರು ನಿಲ್ಲಿಸಿ ಆ ಬಟ್ಟೆಯನ್ನು ತೋಯಿಸಿದೆ. ಮಗನಿಗೆ ಸಿಟ್ಟು.

“ಯವ್ವಾ, ವಿಮಾನ ತಪ್ಪಿದ್ರ ಬುತ್ತಿ ನಾವ ಉಣ್ಣಬೇಕಾಗ್ತೈತಿ.”

“ಹಂಗಾರ ಜೋರ್ ಹೊಡಿ.”

ಅವನು ಜೋರಾಗಿ ಹೊಡೆದ. ಎಷ್ಟು ಹೊಡೆದರೂ ಬಿಸಿಲು ನೆತ್ತಿಗೆ ಬರುವ ಹೊತ್ತಾಯಿತು, ವಿಮಾನ ನಿಲ್ದಾಣ ಕಾಣಲು. ಎರಡೂ ಮುಕ್ಕಾಲು ತಾಸು ಯಾವಾಗಲೋ ಮುಗಿದಿತ್ತು, ನಾನಿನ್ನೂ ನೆಲದ ಮೇಲೇ ಇದ್ದೆ.

ಒಳಗೆ ಹೋಗಲು ಮಗನನ್ನು ಬಿಡಲಿಲ್ಲ. ಒಬ್ಬಳೇ ಹೋದೆ. ಅದೇನು ಜಾಗ! ನೆಲ ಕನ್ನಡಿಯ ಹಾಗೆ, ಚಪ್ಪಲಿ ಬಿಟ್ಟು ನಡೆಯಬೇಕೇನೋ ಅನ್ನಿಸಿತು. ಕೇಳಿದವರೆಲ್ಲ ದಾರಿ ತೋರಿಸಿದರು. ಒಂದು ಕಡೆ ಚೀಲವನ್ನು ತಟ್ಟೆಯಲ್ಲಿಟ್ಟು ಪೆಟ್ಟಿಗೆಯೊಳಗೆ ತೂರಿಸುತ್ತಾರೆ. ನನ್ನ ಚೀಲ ಆಚೆ ಬರಲಿಲ್ಲ. ಖಾಕಿ ಹಾಕಿದ ಹುಡುಗಿಯೊಬ್ಬಳು ಅದನ್ನು ಪಕ್ಕಕ್ಕೆ ಎಳೆದಿಟ್ಟು ಹಿಂದಿಯಲ್ಲಿ ಏನೋ ಕೇಳಿದಳು. ಬುತ್ತಿಗೆ ಬಂತು ಗ್ರಹಚಾರ ಅಂದುಕೊಂಡೆ. ಅವಳು ಡಬ್ಬಿ ತೆಗೆದು, ಮೂಸಿ, ಮುಚ್ಚಿ ಕೊಟ್ಟಳು. ಆಮೇಲೆ ತಂಗಿಯ ಕೊಬ್ಬರಿ ಬಟ್ಟಲು ಎರಡನ್ನೂ ಮೇಲೆತ್ತಿ ಹಿಡಿದು ಯಾರನ್ನೋ ಕೂಗಿದಳು. ಕನ್ನಡದವನೊಬ್ಬ ಸಾಹೇಬ ಬಂದ.

“ಅಜ್ಜಿ, ಒಣಕೊಬ್ಬರಿ ವಿಮಾನದಲ್ಲಿ ಬಿಡಲ್ಲ.”

“ಯಾಕ? ಕೊಳೆತಿಲ್ಲ, ಮೂಸಿ ನೋಡು.”

“ಎಣ್ಣೆ ಇರುತ್ತಲ್ಲ ಅಜ್ಜಿ, ಬೆಂಕಿ ಹಿಡಿಯುತ್ತೆ.”

“ಹಚ್ಚಿದ್ರ ನಿನ್ನ ಟೊಪ್ಪಿಗಿಗೂ ಹಿಡಿತೈತಿ. ನಾನೇನು ಕಡ್ಡಿಪೆಟ್ಟಿಗಿ ತಂದೀನೇನು?”

ಹಿಂದೆ ನಿಂತವರು ನಕ್ಕರು. ಅವನೂ ನಕ್ಕ, ಆದರೆ ಬಿಡಲಿಲ್ಲ. ಎಣ್ಣೆ ಇರುವ ಕೊಬ್ಬರಿಯೇ ಬೇಕು ಅಂತ ಹುಡುಕಿ ಹುಡುಕಿ ತಂದವಳು ನನ್ನ ತಂಗಿ. ಒಣಗಿ ಸೊರಗಿದ್ದನ್ನು ತಂದಿದ್ದರೂ ಇವರು ಬಿಡುತ್ತಿರಲಿಲ್ಲವಂತೆ.

“ಬಸುರಿ ಹೆಣ್ಮಗಳ ಉಡಿಗಿ ಹಾಕೋದೈತಿ. ಇವತ್ತು ದೀಪ ಹಚ್ಚೋದರೊಳಗ ಆಗಬೇಕು. ನಾಳಿ ಅಮಾಸಿ.”

“ಅರ್ಥ ಆಗುತ್ತೆ ಅಜ್ಜಿ. ನಮ್ಮನೇಲೂ ಉಡಿ ತುಂಬ್ತೀವಿ. ಆದರೆ ನನ್ನ ಕೈಯಲ್ಲಿಲ್ಲ. ಬುತ್ತಿ ತಗೊಂಡು ಹೋಗಿ, ಇಲ್ಲಾಂದ್ರೆ ಇಲ್ಲೇ ನಿಂತಿರಿ. ನಿಮ್ಮ ಗೇಟ್ ಮುಚ್ಚೋ ಹೊತ್ತಾಯ್ತು.”

ಯೋಚನೆ ಮಾಡಲು ಹೊತ್ತಿರಲಿಲ್ಲ. ಕೊಬ್ಬರಿಗೆ ಜಗಳಾಡುತ್ತ ನಿಂತರೆ ಬುತ್ತಿಯೂ ಇಲ್ಲ, ಉಡಿಯೂ ಇಲ್ಲ.

“ಕಸದ ಡಬ್ಬಿಗಿ ಮಾತ್ರ ಒಗಿಬ್ಯಾಡ. ನೀನ ತಿನ್ನು. ಹೆಂಡತಿಗಿ ಒಯ್ಯಿ,” ಅಂದು ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹೊರಟೆ. ಅವನೇ ಬ್ಯಾಟರಿ ಗಾಡಿ ಕರೆಸಿ ಕೂರಿಸಿದ. ಆ ಗಾಡಿ ಜನರ ನಡುವೆ ಪೀಂ ಪೀಂ ಅನ್ನುತ್ತ ಓಡಿತು. ಸಿಟ್ಟಿತ್ತು, ಆದರೂ ಮಜಾ ಬಂತು. ಸುಳ್ಳು ಯಾಕೆ ಹೇಳಲಿ.

ನನಗೆ ಕಿಟಕಿಯ ಸೀಟು. ಪಕ್ಕದಲ್ಲಿ ಅನಂತಪುರದ ಕಡೆಯ ತೆಲುಗು ಮನುಷ್ಯ, ನೋಡಲು ಭತ್ತದ ಮೂಟೆ. ಬೆಲ್ಟು ಹಾಕಿಕೊಳ್ಳುವುದನ್ನು ತೋರಿಸಿಕೊಟ್ಟ. ತಿಂಗಳಿಗೊಮ್ಮೆ ದಿಲ್ಲಿಗೆ ಹೋಗಿ ಬರುತ್ತಾನಂತೆ. ವಿಮಾನ ಓಡತೊಡಗಿದ್ದೇ ತಡ, ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದು ದೇವರ ಹೆಸರೆಲ್ಲ ಹೇಳತೊಡಗಿದ.

“ಭಯವೇನಯ್ಯಾ?” ಅಂತ ತೆಲುಗಿನಲ್ಲೇ ಕೇಳಿದೆ.

“ಪ್ರತಿ ಸಲವೂ ಭಯವೇ ಅಮ್ಮಾ. ನಿಮಗೆ ಇಲ್ಲವೇ?”

ನನಗೆ ಇರಲಿಲ್ಲ. ವಿಮಾನ ನೆಲ ಬಿಟ್ಟಾಗ ಹೊಟ್ಟೆಯೊಳಗೆ ಪಂಚಮಿಯ ಜೀಕಾಲಿ ಜೀಕಿದ ಹಾಗಾಯಿತು. ಹುಡುಗಿಯಾಗಿದ್ದಾಗ ಬೇವಿನ ಮರಕ್ಕೆ ಹಗ್ಗ ಕಟ್ಟಿ, ನಿಂತು ಜೀಕಿ, ಮೇಲಿನ ಎಲೆಯನ್ನು ಬಾಯಿಂದ ಕಚ್ಚಿ ತರುತ್ತಿದ್ದೆವು. ಅಲ್ಲಿ ಮೇಲೆ ಹೋದದ್ದು ಹಿಂದಕ್ಕೆ ಬರುತ್ತಿತ್ತು. ಇದು ಹೋಗುತ್ತಲೇ ಇತ್ತು. ನಾನು “ಹೋ!” ಅಂತ ಕೂಗಿಬಿಟ್ಟೆ. ಮುಂದಿನವರು ತಿರುಗಿ ನೋಡಿದರು. ನೋಡಲಿ.

ಕೆಳಗೆ ಕೆರೆಗಳು ಚೆಲ್ಲಿದ ಹಾಲಿನ ಹಾಗೆ ಬಿದ್ದಿದ್ದವು. ಮೋಡದ ಮೇಲೆ ಹೋದೆವು. ಮೋಡಕ್ಕೂ ಮೇಲ್ಭಾಗ ಇರುತ್ತದೆ ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅದು ಬಡಿದ ಹತ್ತಿಯ ಹಾಗೆ ಉಬ್ಬಿತ್ತು, ಹಾರಿ ಬಿದ್ದು ಹೊರಳಾಡಬೇಕು ಅನ್ನಿಸುವಂತೆ. ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮೂಟೆ ಮನುಷ್ಯ “ನಾಗಪುರ” ಅಂದ. ಬಳ್ಳಾರಿ ಬಸ್ಸು ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಅರ್ಧ ದೇಶ ಕೆಳಗೆ ಸರಿದುಹೋಗಿತ್ತು.

ಡಬ್ಬಿ ಮುಟ್ಟಿ ನೋಡಿದೆ. ತಣ್ಣಗಿತ್ತು. ಆ ವಿಮಾನದೊಳಗೆ ಎಷ್ಟು ಚಳಿ ಅಂದರೆ ನಾನು ಸೆರಗು ಹೊದ್ದು ಕೂತಿದ್ದೆ. ಚಳಿಗೆ ಹೆಪ್ಪು ಮಲಗುತ್ತದೆ. ನನಗೆ ಒಳಗೊಳಗೇ ನಗು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ.

ಎರಡೂ ಮುಕ್ಕಾಲು ತಾಸು ಅಂದದ್ದು ವಿಮಾನದ ಮಟ್ಟಿಗೆ ಸುಳ್ಳಲ್ಲ. ಇಳಿದಾಗ ದಿಲ್ಲಿಯ ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು. ಮೊಮ್ಮಗಳ ಗಂಡ ಬಾಗಿಲಲ್ಲೇ ನಿಂತಿದ್ದ.

“ಇಲ್ಲಿ ಬ್ಯಾಸಗ್ಯಾಗ ಹೊತ್ತು ಮುಣುಗೋದು ತಡ ಅಜ್ಜಿ. ನಮ್ಮೂರಿಗಿಂತ ಅರ್ಧ ತಾಸು ಜಾಸ್ತಿ ಸಿಗ್ತೈತಿ,” ಅಂದ.

ಹೊತ್ತನ್ನೂ ಕೊಸರು ಕೊಡುವ ಊರು! ನನಗೆ ದಿಲ್ಲಿ ಆಗಲೇ ಸೇರಿತು.

ಸೇರಿದ್ದು ಟ್ಯಾಕ್ಸಿ ಹತ್ತುವವರೆಗೆ. ಆಮೇಲೆ ದಾರಿ ಅನ್ನುವುದು ನಿಂತುಬಿಟ್ಟಿತು. ಮುಂದೆ ಕಾರು, ಹಿಂದೆ ಕಾರು, ಮೇಲೆ ಸೇತುವೆ, ಅದರ ಮೇಲೂ ಕಾರು. ಹದಿನೇಳು ನೂರು ಕಿಲೋಮೀಟರ್ ಹಾರಿ ಬಂದವಳು ಒಂದು ಸಿಗ್ನಲ್ಲಿನಲ್ಲಿ ಕೂತೆ. ಸೂರ್ಯ ಸೇತುವೆಯ ಕಂಬದ ಹಿಂದೆ ಹೋದ, ಆಚೆ ಬಂದ, ಮತ್ತೊಂದು ಕಂಬದ ಹಿಂದೆ ಹೋದ. ಮತ್ತೆ ಬರಲಿಲ್ಲ.

ಹುಡುಗನಿಗೆ ಫೋನು ಬಂತು. ಅವಳದೇ. ಅವನು ನನ್ನ ಕೈಗೆ ಕೊಟ್ಟ.

“ಎಲ್ಲಿದ್ದೀಯ ಅಜ್ಜಿ? ಕತ್ಲಾಗಾಕತ್ತೈತಿ.”

“ಬಂದ್ನಿ.”

“ಎಲ್ಲಿ ಬಂದಿ?”

“ದಿಲ್ಲಿಗಿ ಬಂದೀನಲ್ಲ. ಇನ್ನೇನು ಬೇಕು?”

ಅವಳು ಫೋನು ಇಟ್ಟಳು. ಅಂಗಡಿಗಳ ದೀಪ ಒಂದೊಂದಾಗಿ ಹತ್ತಿದವು. ಪ್ರತಿ ದೀಪವೂ ನನ್ನನ್ನು ಅಣಕಿಸಿದ ಹಾಗಿತ್ತು.

ಮನೆ ಮೂರನೇ ಮಹಡಿ. ಗಲ್ಲಿಯ ಮನೆಗಳಿಗೆಲ್ಲ ದೀಪ ಬಂದಿತ್ತು, ಇವರ ಕಿಟಕಿ ಒಂದೇ ಕಪ್ಪಗಿತ್ತು. ಏನಾದರೂ ಆಗಿ ಆಸ್ಪತ್ರೆಗೆ ಹೋಗಿದ್ದಾಳೋ ಏನೋ. ಮೊಣಕಾಲಿನ ನೋವು ಮರೆತು ಮೆಟ್ಟಿಲು ಹತ್ತಿದೆ. ಹುಡುಗ ಬಾಗಿಲು ತಳ್ಳಿದ, ಒಳಗೆ ಕಾಲಿಟ್ಟ, ಬಕೆಟ್ಟಿಗೆ ಎಡವಿ ಬಿದ್ದ.

“ಕರೆಂಟ್ ಹೋಗೇತೇನು?” ಅಂತ ಕೂಗಿದ.

“ಹೋಗಿಲ್ಲ. ಫ್ಯಾನ್ ತಿರಗಾಕತ್ತಿಲ್ಲೇನು?” ಕತ್ತಲೊಳಗಿನಿಂದ ನನ್ನ ಮೊಮ್ಮಗಳ ದನಿ ಬಂತು. “ನಾನ ದೀಪ ಹಚ್ಚಿಲ್ಲ. ದೀಪ ಹಚ್ಚೋದರೊಳಗ ಉಡಿ ತುಂಬಬೇಕಂತ ಅಜ್ಜಿ ಹೇಳಿದ್ಲಲ್ಲ? ದೀಪ ಹಚ್ಚದಿದ್ರ ಹೊತ್ತು ಹೆಂಗ ಮುಗಿತೈತಿ?”

ಹೊಸ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು, ಮಂಚದ ಮೇಲೆ ಕತ್ತಲಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಬಲ್ಬಿನ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ನಾನು ಸಾಯುವವರೆಗೆ ನಕ್ಕರೂ ಸಾಲದು ಅನ್ನುವಷ್ಟು ನಗು ಬಂತು. ಈ ಮೊಂಡತನ ಯಾರದು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

“ಸೆರಗು ಒಡ್ಡಲೇ,” ಅಂದೆ.

ಬೀದಿಯ ಬೆಳಕು ಕಿಟಕಿಯಿಂದ ಒಂದು ಪಟ್ಟಿ ಬಿದ್ದಿತ್ತು. ಅಷ್ಟರಲ್ಲೇ ಉಡಿ ತುಂಬಿದೆ. ಅಕ್ಕಿ ಹಾಕಿದೆ. ಉತ್ತತ್ತಿ, ಅರಿಶಿಣ ಕೊಂಬು, ಅಡಕೆ ತಡವರಿಸಿ ತಡವರಿಸಿ ಹಾಕಿದೆ. ಅವಳು ಸೆರಗಿನಲ್ಲಿ ಕೈಯಾಡಿಸಿದಳು.

“ಕೊಬ್ಬರಿ?”

“ವಿಮಾನದವರು ಇಸ್ಕೊಂಡ್ರು.”

“ಯಾಕ?”

“ಬೆಂಕಿ ಹಿಡಿತೈತಂತ. ನಿಮ್ಮ ಸಣ್ಣಜ್ಜಿ ಆರಿಸಿದ್ದಲ್ಲ, ಹಿಡಿತಿತ್ತು ಅನ್ನು. ಮುಂದ ಬರ್ತೈತಿ, ಈಗ ದೀಪ ಹಚ್ಚು.”

ಅವಳ ಮುಖ ಕಾಣಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಅವಳ ಗಂಡ ಬಲ್ಬು ಹಾಕಿದ. ಅವಳ ಕಣ್ಣು ಕೆಂಪಗಿದ್ದವು, ಬಹಳ ಹೊತ್ತು ಅತ್ತಿರಬೇಕು.

ಡಬ್ಬಿಯ ಬಾಯಿ ತೆಗೆದೆ. ಮೂಸಿದೆ. ಹುಳಿ ವಾಸನೆ ಇಲ್ಲ. ಬೆರಳು ಊರಿದೆ. ಅನ್ನದ ಸುತ್ತ ಈಗಷ್ಟೇ ಕಟ್ಟಿದ ಎಳೆಯ ಮೊಸರು, ಚಮಚ ಹಾಕಿದರೆ ಸೀಳುವಂಥದ್ದು. ಒಲೆಯಿಂದ ಬಾಯಿಗೆ ಎಷ್ಟೊತ್ತು ಅಂತ ಆ ಡಬ್ಬಿಯೊಂದಕ್ಕೇ ಗೊತ್ತಿತ್ತು.

ಅವಳು ಕೈಯಲ್ಲೇ ತೆಗೆದು ಉಂಡಳು. ಒಂದು ತುತ್ತು ಉಂಡು ನನ್ನ ಮುಖ ನೋಡಿದಳು.

“ಅಜ್ಜಿ, ಇದು ಇನ್ನೂ ಸಿಹಿ ಐತಿ!”

“ಮಾತು ಕಡಿಮಿ ಮಾಡು, ಉಣ್ಣು.”

ತಳ ಕೆರೆಯುವವರೆಗೆ ಉಂಡಳು. ಗಂಡನಿಗೆ ಒಂದು ತುತ್ತೂ ಬಿಡಲಿಲ್ಲ. ಉಡಿಯನ್ನು ಬಿಚ್ಚದೆ ಹಾಗೇ ಪಕ್ಕಕ್ಕೆ ಹೊರಳಿ ಮಲಗಿದಳು, ಎರಡು ನಿಮಿಷಕ್ಕೆ ಗೊರಕೆ ಹೊಡೆದಳು. ಎಷ್ಟೋ ದಿನದ ಮೇಲೆ ಮಲಗಿದ್ದಾಳೆ ಅಂತ ಹುಡುಗ ಪಿಸುಗುಟ್ಟಿದ.

ಕುರುಗೋಡಿಗೆ ಫೋನು ಹಚ್ಚಿಸಿದೆ.

“ಹಳಸಿತೇನು?” ತಂಗಿಯ ಮೊದಲ ಮಾತೇ ಅದು.

“ಡಬ್ಬಿ ತೊಳೆದು ಬೋರಲ ಹಾಕೀನಿ. ದಿಲ್ಲಿನೂ ಬುತ್ತಿ ದಾರೀನ, ತಿಳ್ಕೊ.”

“ಹೌದೇನು! ಕೊಬ್ಬರಿ ಹೆಂಗಿತ್ತು?”

“ಚಲೋ ಇತ್ತು,” ಅಂದೆ. ಇತ್ತಲ್ಲ.

ಮರುದಿನ ಬೆಳಿಗ್ಗೆ ಅಮಾವಾಸ್ಯೆ. ಇದ್ದರೆ ಇರಲಿ, ಕೊಬ್ಬರಿಗೆ ತಿಥಿ ಗೊತ್ತಿಲ್ಲ. ಇಬ್ಬರೂ ಇನ್ನೂ ಮಲಗಿದ್ದರು. ಮೆಟ್ಟಿಲಿಳಿದು ಗಲ್ಲಿಯ ತುದಿಯ ಕಿರಾಣಿ ಅಂಗಡಿಗೆ ಹೋದೆ. ಅವನು ಆಗಷ್ಟೇ ಬಾಗಿಲು ಎತ್ತುತ್ತಿದ್ದ. ಒಳಗೆ ಚೀಲದ ತುಂಬ ಕೊಬ್ಬರಿ ಇತ್ತು. ದಿಲ್ಲಿ ಮಂದಿ ಕೊಬ್ಬರಿ ಕಂಡಿಲ್ಲವಂತೆ! ಅಲ್ಲಿ ಅದನ್ನು ಬಟ್ಟಲು ಮಾಡುವುದಿಲ್ಲ, ಇಡೀ ಚೆಂಡೇ ಮಾರುತ್ತಾರೆ. ನಾನು ಒಂದೊಂದನ್ನೂ ಉಗುರಿನಿಂದ ಗೀರಿ ನೋಡಿದೆ. ಅಂಗಡಿಯವನು ಹಿಂದಿಯಲ್ಲಿ ಬೈದ, ನಾನು ಕನ್ನಡದಲ್ಲಿ ಬೈದೆ. ಎಣ್ಣೆ ಜಿನುಗಿದ್ದೊಂದನ್ನು ಆರಿಸಿ, ಅವನ ತಕ್ಕಡಿಯ ಕಲ್ಲಿನಿಂದಲೇ ಎರಡು ಹೋಳು ಮಾಡಿಸಿಕೊಂಡೆ. ಮೇಲೆ ಬಂದು, ಅರಿಶಿಣ ಹಚ್ಚಿ, ಮಲಗಿದವಳ ಉಡಿಯೊಳಗೆ ಎರಡೂ ಹೋಳು ತುರುಕಿದೆ. ಅವಳಿಗೆ ಎಚ್ಚರವಾಗಲಿಲ್ಲ. ಆಮೇಲೆ ಒಲೆ ಹಚ್ಚಿ, ತಂದಿದ್ದ ಜೋಳದ ಹಿಟ್ಟು ಕಲಸಿ, ರೊಟ್ಟಿ ಬಡಿಯಲು ಕೂತೆ.